ಪಿಕಪ್ಪಿನ ಹಿಂದಿನ ಸೀಟು

ನಾನು ನಿವೃತ್ತಳಾದ ಮೇಲೆ ಒಂದು ದಿನ ನಮ್ಮ ಹಳೆಯ ಶೋರೂಮಿನವರು ಕರೆದರು. ಹೊಸದಾಗಿ ಸೇರಿದವರಿಗೆ ಸ್ವಲ್ಪ ಹೊತ್ತು ಅನುಭವ ಹೇಳಬೇಕಂತೆ. ಹೋದೆ. ತಣ್ಣಗಿನ ಕೋಣೆ, ಗೋಡೆಯಲ್ಲಿ ದೊಡ್ಡ ಪರದೆ, ಎದುರಿಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟ ಮಕ್ಕಳು. ನಾನು ಮಾತಾಡಿದೆ. ಅರ್ಧ ಜನ ಕೇಳಿದರು, ಉಳಿದರ್ಧ ಜನ ಮೊಬೈಲ್ ನೋಡಿದರು. ಬೇಸರವಿಲ್ಲ, ಅವರ ವಯಸ್ಸಿನಲ್ಲಿ ನಾನು ಕಿಟಕಿ ನೋಡುತ್ತಿದ್ದೆ. ಕೊನೆಯಲ್ಲಿ ಹಿಂದಿನ ಸಾಲಿನ ಒಬ್ಬ ಹುಡುಗಿ ಕೈಯೆತ್ತಿದಳು.

"ಮೇಡಂ, ಗಿರಾಕಿಗಳು ಈಗ ಮನೆಯಲ್ಲೇ ಕೂತು ಎಲ್ಲ ಗಾಡಿ ಹೋಲಿಸಿ ನೋಡಿ ಬರ್ತಾರೆ. ಇಂಜಿನ್, ಮೈಲೇಜ್, ಲೋಡ್ ಎಲ್ಲ ಅವರಿಗೆ ನಮ್ಮಿಂದ ಜಾಸ್ತಿ ಗೊತ್ತುಂಟು. ಮತ್ತೆ ನಾವು ಎಂತಕ್ಕೆ?"

ಪ್ರಶ್ನೆ ಚೆನ್ನಾಗಿತ್ತು. ನಾನು ನಗುತ್ತಾ ಏನೋ ಒಂದು ಹೇಳಿ ತಪ್ಪಿಸಿಕೊಂಡೆ. ಶಕ್ತಿನಗರದ ಮನೆಗೆ ಬಂದು ಕಾಲು ತೊಳೆಯುವಾಗ ಸರಿಯಾದ ಉತ್ತರ ನೆನಪಾಯಿತು. ಆದರೆ ಅದು ಒಂದು ಮಾತಿನಲ್ಲಿ ಮುಗಿಯುವ ಉತ್ತರವಲ್ಲ. ಆ ಹುಡುಗಿಗಾಗಿ, ಅವಳ ಜೊತೆ ಮೊಬೈಲ್ ನೋಡುತ್ತಿದ್ದವರಿಗಾಗಿಯೂ, ಇದನ್ನು ಬರೆಯುತ್ತಿದ್ದೇನೆ.

ನಾನು ವಾಮಂಜೂರಿನ ಕಡೆಯವಳು. ಮನೆಯ ಎದುರು ಗದ್ದೆ ಇತ್ತು, ಮನೆಯೊಳಗೆ ಕೆಲಸ ಇತ್ತು. ಓದು ಮುಗಿಸಿ ಕೊಡಿಯಾಲ್‌ಬೈಲಿನ ಶೋರೂಮಿಗೆ ಸೇರಿದ್ದು ಫೋನ್ ಎತ್ತುವ ಕೆಲಸಕ್ಕೆ. ಸೇಲ್ಸಿನವನೊಬ್ಬ ಹೇಳದೆ ಕೇಳದೆ ಕೆಲಸ ಬಿಟ್ಟ ದಿನ ಗಿರಾಕಿಯೊಬ್ಬರು ಕಾದು ಕಾದು ಸಿಟ್ಟಾಗುತ್ತಿದ್ದರು. ಫೋನ್ ಕೆಳಗಿಟ್ಟು ನಾನೇ ಹೋಗಿ ಪಿಕಪ್ ತೋರಿಸಿದೆ. ಆಗಿನ ಮ್ಯಾನೇಜರ್ ಪ್ರಭಾಕರ ಸರ್ ಅದನ್ನು ನೋಡಿ ಒಳಗೆ ಕರೆದರು.

"ಸುಮತಿ, ಹೆಂಗಸರು ಕಾರು ತೋರಿಸಿದ್ರೆ ಒಂದು ಚಂದ. ಪಿಕಪ್ ತೋರಿಸಿದ್ರೆ ಯಾರು ನಂಬ್ತಾರೆ?"

"ಸರ್, ನಾನು ಭತ್ತದ ಮೂಟೆ ಹೊತ್ತವಳು. ಕಾರಿನ ವಿಷಯ ನನಗೆಂತ ಗೊತ್ತುಂಟು?"

ನನ್ನ ಬಾಯಿ ಆಗಲೂ ಸ್ವಲ್ಪ ಜೋರು. ಸರ್ ನಕ್ಕರು, ಅಲ್ಲಿಂದ ನಿವೃತ್ತಿಯವರೆಗೆ ನಾನು ಪಿಕಪ್ ಬಿಟ್ಟು ಬೇರೆ ಮಾರಲಿಲ್ಲ.

ಪ್ರಭಾಕರ ಸರ್ ಒಳ್ಳೆಯವರು, ಆದರೆ ಅವರಿಗೊಂದು ಹುಚ್ಚಿತ್ತು. ಗೋಡೆಗೆ ಒಂದು ಬೋರ್ಡು ಹೊಡೆಸಿದ್ದರು. ಎಡಗಡೆ ನಮ್ಮ ಗಾಡಿ, ಬಲಗಡೆ ಎದುರು ಕಂಪೆನಿಯ ಗಾಡಿ. ನಮ್ಮದೆಲ್ಲ ಹಸಿರು ಶಾಯಿ, ಅವರದ್ದೆಲ್ಲ ಕೆಂಪು ಶಾಯಿ. ಎದುರಿನವರ ಗಾಡಿ ನಮ್ಮದಕ್ಕಿಂತ ಮೇಲಿದ್ದ ವಿಷಯಗಳಿಗೆ ಬೋರ್ಡಿನಲ್ಲಿ ಜಾಗವೇ ಇರಲಿಲ್ಲ. ಗಿರಾಕಿಗಳು ಬೋರ್ಡಿನ ಮುಂದೆ ನಿಂತು ತಲೆಯಾಡಿಸುತ್ತಿದ್ದರು, ಆಮೇಲೆ ಹೊರಗೆ ಹೋಗಿ ತಮ್ಮದೇ ಪರೀಕ್ಷೆ ಮಾಡುತ್ತಿದ್ದರು. ಒಬ್ಬರು ಬಾಗಿಲನ್ನು ದಢಾರೆಂದು ಹಾಕಿ ಸದ್ದು ಕೇಳುವುದು. ಒಬ್ಬರು ಟಯರಿಗೆ ಒದೆಯುವುದು. ಒಬ್ಬರು ಪಂಚೆ ಎತ್ತಿಕಟ್ಟಿ ಗಾಡಿಯ ಅಡಿಗೆ ನುಗ್ಗಿ ಟಾರ್ಚು ಹಾಕುವುದು. ಕಡಲ ಬದಿಯವರಾದರೆ ಚಕ್ರದ ಮೇಲಿನ ತಗಡನ್ನು ಉಗುರಿನಿಂದ ಕೆರೆದು, "ಇದಕ್ಕೆ ತುಕ್ಕು ಎಷ್ಟು ಬೇಗ ಹಿಡಿಯುತ್ತದೆ, ಸತ್ಯ ಹೇಳಿ" ಎನ್ನುವುದು. ಉಪ್ಪುಗಾಳಿಯ ಊರಿನಲ್ಲಿ ಅದಕ್ಕಿಂತ ದೊಡ್ಡ ಪ್ರಶ್ನೆ ಇಲ್ಲ, ಅದಕ್ಕೂ ಬೋರ್ಡಿನಲ್ಲಿ ಜಾಗ ಇರಲಿಲ್ಲ.

ಒಮ್ಮೆ ಶಾಮಿಯಾನದವರೊಬ್ಬರು ಬಂದರು. ಬೋರ್ಡನ್ನು ಪೂರ್ತಿ ಓದಿದರು. ಆಮೇಲೆ, "ಇದೆಲ್ಲ ಸರಿ ಮಾರಾಯ್ರೆ, ನನ್ನ ಕಂಬ ಹಿಡಿಯುತ್ತದಾ?" ಎಂದು ಕೇಳಿದರು. ನನಗೆ ಆ ಮಾತು ಹಿಡಿಸಿತು. ಕಂಬಗಳನ್ನೇ ತನ್ನಿ ಎಂದೆ. ಮರುದಿನ ಕಬ್ಬಿಣದ ಕಂಬಗಳ ರಾಶಿಯೇ ಬಂತು. ಗಾಡಿಯ ಹಿಂದಿನ ತೆರೆದ ಬಾಡಿಯಲ್ಲಿ ಹೇರಿ, ನಮ್ಮ ಶೋರೂಮಿನ ಡ್ರೈವರ್ ಸುರೇಶ ಗಾಡಿ ಹೊರಡಿಸಿದ. ಕೊಡಿಯಾಲ್‌ಬೈಲಿನ ಟ್ರಾಫಿಕ್ ಕೇಳಬೇಕೇ, ಎದುರಿಗೆ ಬಸ್ಸೊಂದು ಗಕ್ಕನೆ ನಿಂತಿತು. ಇವನೂ ಬ್ರೇಕ್ ಒತ್ತಿದ. ಕಂಬಗಳೆಲ್ಲ ಜಾರಿ ಮುಂದೆ ಬಂದು ಕ್ಯಾಬಿನ್ನಿನ ಹಿಂದಿನ ಗಾಜು ಪುಡಿಪುಡಿ. ಪುಣ್ಯಕ್ಕೆ ಸುರೇಶನ ತಲೆ ಉಳಿಯಿತು. ಪ್ರಭಾಕರ ಸರ್ ಹಾಕಿದ ಬೊಬ್ಬೆ ಎದುರಿನ ಕಾಲೇಜಿಗೂ ಕೇಳಿಸಿರಬೇಕು. ಶಾಮಿಯಾನದವರು ಮಾತ್ರ ತಣ್ಣಗೆ, "ಗಾಜಿನ ಹಿಂದೆ ಕಂಬಿ ಹಾಕಿಸಿ ಕೊಡಿ, ಇದನ್ನೇ ತೆಗೊಳ್ತೇನೆ. ಆಚೆ ಕಂಪೆನಿಯವರು ನನಗೆ ಲೋಡ್ ಹಾಕ್ಲಿಕ್ಕೇ ಬಿಡ್ಲಿಲ್ಲ" ಎಂದರು.

ಅಂದಿನಿಂದ ನನ್ನದೊಂದು ಕ್ರಮವಾಯಿತು. ನಿಮ್ಮ ಲೋಡ್ ತನ್ನಿ, ನಿಮ್ಮ ದಾರಿಯಲ್ಲೇ ಓಡಿಸಿ, ಬೇರೆ ಕಂಪೆನಿಯದ್ದನ್ನೂ ಹಾಗೆಯೇ ಓಡಿಸಿ, ಆಮೇಲೆ ಮಾತಾಡುವ. ತೆಂಗಿನಕಾಯಿ, ಬಾಳೆಗೊನೆ, ಕೋಳಿ ಗೂಡು, ಕೆಂಪು ಕಲ್ಲು, ನನ್ನ ಡೆಮೊ ಗಾಡಿಯಲ್ಲಿ ಹೋಗದ ಸಾಮಾನಿಲ್ಲ. ಗಾಡಿಗೆ ಗೀರು ಬೀಳುತ್ತದೆ ಎಂದು ಎಷ್ಟೋ ಮ್ಯಾನೇಜರುಗಳು ಮುಖ ಸಿಂಡರಿಸಿದರು. ಗೀರು ಬೀಳದ ಪಿಕಪ್ ಪಿಕಪ್ಪೇ ಅಲ್ಲ ಎಂದು ನಾನು ಹೇಳುತ್ತಿದ್ದೆ.

ಇನ್ನೊಂದು ವಿಷಯ ಕಲಿಯಲು ಜಾಸ್ತಿ ಸಮಯ ಬೇಕಾಯಿತು. ನಮ್ಮ ಊರಿನಲ್ಲಿ ಗಾಡಿ ತೆಗೆದುಕೊಳ್ಳಲು ಒಬ್ಬನೇ ಬರುವುದಿಲ್ಲ, ಮನೆ ಬರುತ್ತದೆ. ಅಳಿಯ ಗಾಡಿ ತೆಗೆಯುವುದಾದರೆ ಸೋದರಮಾವ ಬರಲೇಬೇಕು. ತಾಯಿ ಬರಬೇಕು, ಅಕ್ಕನೋ ತಂಗಿಯೋ ಬರಬೇಕು. ಇವರಲ್ಲಿ ಪ್ರಶ್ನೆ ಕೇಳುವವನು ಒಬ್ಬ, ತೀರ್ಮಾನ ಹೇಳುವವನು ಇನ್ನೊಬ್ಬ. ಯಾರಿಗಾಗಿ ಗಾಡಿಯೋ ಅವರು ಬಹಳ ಸಲ ಬಾಯಿಯೇ ಬಿಡುವುದಿಲ್ಲ. ಹೊಸಬರು ಪ್ರಶ್ನೆ ಕೇಳುವವನ ಹಿಂದೆಯೇ ಸುತ್ತುತ್ತಾರೆ. ನಾನು ಮಾತಾಡದೆ ನಿಂತವರಿಗೆ ಮೊದಲು ನೀರು ಕೊಡುತ್ತಿದ್ದೆ.

ಇನ್ನು ನಮ್ಮವರ ಪ್ಲಾಸ್ಟಿಕ್ ಪ್ರೀತಿ! ಕಂಪೆನಿಯಿಂದ ಬರುವಾಗ ಸೀಟಿಗೆ ಪ್ಲಾಸ್ಟಿಕ್ ಸುತ್ತಿರುತ್ತದೆಯಲ್ಲ, ಅದನ್ನು ತೆಗೆಯಲು ಯಾರೂ ಒಪ್ಪುವುದಿಲ್ಲ. ನಮ್ಮ ಸೆಕೆಗೆ ಅದರ ಮೇಲೆ ಕೂತರೆ ಅಂಗಿ ಬೆನ್ನಿಗೆ ಅಂಟುತ್ತದೆ, ಅಲುಗಿದರೆ ಪರಪರ ಸದ್ದು. ಆದರೂ ಬೇಡ. ವರ್ಷಗಳ ಮೇಲೆ ಸರ್ವಿಸಿಗೆ ಬಂದ ಗಾಡಿಗಳಲ್ಲಿ ಹರಿದ ಪ್ಲಾಸ್ಟಿಕ್ಕಿಗೆ ಟೇಪು ಅಂಟಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. "ಯಾರಿಗೋಸ್ಕರ ಇಷ್ಟು ಜೋಪಾನ ಮಾರಾಯ್ರೆ?" ಎಂದು ಕೇಳಿದರೆ, "ಮುಂದೆ ಮಾರುವಾಗ ಚಂದ ಇರ್ಲಿ" ಎನ್ನುತ್ತಾರೆ. ಅಂದರೆ ನಾಳೆ ಕೊಳ್ಳುವವನ ಸೀಟನ್ನು ಇವತ್ತು ಇವರು ಕಾಯುವುದು. ನಾನು ತುಂಬ ತಮಾಷೆ ಮಾಡುತ್ತಿದ್ದೆ. ದಿನೇಶನ ಗಾಡಿಯ ನಂತರ ತಮಾಷೆ ಕಮ್ಮಿ ಮಾಡಿದೆ.

ದಿನೇಶ ಬಂದದ್ದು ನನ್ನ ಕೆಲಸದ ಕೊನೆಯ ದಿನಗಳಲ್ಲಿ. ಅಷ್ಟರಲ್ಲಿ ಬೋರ್ಡು ಹೋಗಿ ಮೊಬೈಲು ಬಂದಿತ್ತು, ಪ್ರಭಾಕರ ಸರ್ ಮತ್ತು ಅವರ ನಂತರದವರೆಲ್ಲ ಹೋಗಿ ಹೊರಗಿನ ಊರಿನ ಒಬ್ಬ ಹೊಸ ಮ್ಯಾನೇಜರ್ ಬಂದಿದ್ದ. ದಿನೇಶ ಕಡಲಿಗೆ ಹೋಗುವ ಮನೆಯ ಹುಡುಗ, ಗಲ್ಫಿನಲ್ಲಿ ಡ್ರೈವರ್ ಆಗಿದ್ದವನು. ರಜೆಯಲ್ಲಿ ಬಂದಿದ್ದ. ಜೊತೆಗೆ ತಾಯಿ ಕಲ್ಯಾಣಿಯಕ್ಕ, ಸೋದರಮಾವ ಸಂಜೀವಣ್ಣ. ಮಾತೆಲ್ಲ ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಅವನು ಮೊಬೈಲ್ ತೆಗೆದು ತೋರಿಸಿದ. ದೊಡ್ಡ ದೊಡ್ಡ ಪಿಕಪ್ಪುಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ಹೋಲಿಸಿದ್ದ. ನಾಲ್ಕು ಬಾಗಿಲು, ಎತ್ತರದ ಚಕ್ರ, ಒಳಗೆ ಕಾರಿನಂಥ ಸೀಟು. ಅಂಥದ್ದೊಂದು ನಮ್ಮಲ್ಲೂ ಇತ್ತು, ಎಸ್ಟೇಟಿನ ಯಜಮಾನರು ಮೋಜಿಗೆ ಕೊಳ್ಳುವಂಥದ್ದು.

"ಇದು ಎಂತಕ್ಕೆ ನಿನಗೆ?" ಎಂದೆ.

"ಮೀನು ಸಾಗಿಸ್ಲಿಕ್ಕೆ ಅಕ್ಕ."

ಸಂಜೀವಣ್ಣ ಹಣೆ ಚಚ್ಚಿಕೊಂಡರು. "ನೋಡಿ ಮೇಡಂ! ಬೂತಾಯಿ ಬಂಗುಡೆಗೆ ಇವನಿಗೆ ಮದುಮಗನ ಗಾಡಿ ಬೇಕಂತೆ."

ವಿಷಯ ಹೀಗಿತ್ತು. ಸಂಜೀವಣ್ಣ ಧಕ್ಕೆಯಲ್ಲಿ, ಎಂದರೆ ಬೋಟುಗಳು ಮೀನು ಇಳಿಸುವ ಕಟ್ಟೆಯಲ್ಲಿ, ವ್ಯಾಪಾರ ಮಾಡುವವರು. ದಿನಾ ಬೆಳಿಗ್ಗೆ ಪೂರ್ವದ ಕಡೆಯ ಮಾರ್ಕೆಟ್ಟುಗಳಿಗೆ ಅವರ ಮೀನಿನ ಬಾಕ್ಸುಗಳು ಹೋಗಬೇಕು. ಈವರೆಗೆ ಬಾಡಿಗೆ ಟೆಂಪೊದಲ್ಲಿ ಹೋಗುತ್ತಿತ್ತು. ಅಳಿಯ ಸರಿಯಾದ ಗಾಡಿ ತೆಗೆದರೆ ಆ ಲೋಡ್ ಪೂರ್ತಿ ಅವನಿಗೆ. ಲೋಡ್ ಸಿಕ್ಕಿದರೆ ದಿನೇಶ ಊರಿನಲ್ಲೇ ಉಳಿಯಬಹುದು. ಶೋಕಿಯ ಗಾಡಿ ತೆಗೆದರೆ ಲೋಡ್ ಇಲ್ಲ, ರಜೆ ಮುಗಿದ ಕೂಡಲೇ ವಿಮಾನ ಹತ್ತಬೇಕು. ಮಾವ ಇದನ್ನು ಎಲ್ಲರೆದುರೇ ಹೇಳಿದರು. ದಿನೇಶ ನನ್ನ ಹತ್ತಿರ ಸರಿದು ಮೆಲ್ಲಗೆ, "ಈ ಸಲ ಹಿಂದೆ ಹೋಗ್ಬಾರ್ದು ಅಂತ ಉಂಟಕ್ಕ" ಎಂದ. ಹಾಗಾದರೆ ಮಾವ ಹೇಳಿದ್ದನ್ನು ಕೇಳಬೇಕಲ್ಲ? ಕೇಳಲು ಅವನು ತಯಾರಿಲ್ಲ. ನಾಲ್ಕು ಬಾಗಿಲು ಬೇಕೇ ಬೇಕು. ಯಾಕೆ ಎಂದು ಕೇಳಿದರೆ ಬಾಯಿ ಬಿಡುವುದಿಲ್ಲ.

ಕಲ್ಯಾಣಿಯಕ್ಕ ಮಾರ್ಕೆಟ್ಟಿನಿಂದ ನೇರವಾಗಿ ಬಂದಿದ್ದರು. ಅವರೂ ಮೀನು ಮಾರುವವರು. ಸೀರೆಯ ನೆರಿಗೆ ಮೇಲಕ್ಕೆ ಸಿಕ್ಕಿಸಿಕೊಂಡು, ಗಾಡಿಯನ್ನು ಮುಟ್ಟದೆ, ಒಂದು ಬದಿಯಲ್ಲಿ ನಿಂತಿದ್ದರು. ನಾನು ನೀರು ತಂದೆ. "ಒಳಗೆ ಕೂತು ನೋಡಿ ಅಕ್ಕ" ಎಂದು ಹಿಂದಿನ ಬಾಗಿಲು ತೆರೆದೆ. ಅವರು ಒಂದು ಹೆಜ್ಜೆ ಇಟ್ಟರು. ಅಷ್ಟರಲ್ಲಿ ಹೊಸ ಮ್ಯಾನೇಜರ್ ಎಲ್ಲಿಂದಲೋ ಓಡಿ ಬಂದು, "ಒಂದು ನಿಮಿಷ, ಒಂದು ನಿಮಿಷ" ಎಂದು ಸೀಟಿನ ಪ್ಲಾಸ್ಟಿಕ್ಕಿನ ಮೇಲೆ ಒಂದು ನ್ಯೂಸ್‌ಪೇಪರ್ ಹಾಸಿದ. ನಗುತ್ತಲೇ ಹಾಸಿದ.

ಕಲ್ಯಾಣಿಯಕ್ಕನ ಹೆಜ್ಜೆ ಹಿಂದೆ ಬಂತು. "ಬೇಡ ಮಗಾ. ನಾನು ನಿಂತೇ ನೋಡ್ತೇನೆ" ಎಂದರು. ಸಿಟ್ಟೇನೂ ಇರಲಿಲ್ಲ ಆ ಸ್ವರದಲ್ಲಿ. ಅಭ್ಯಾಸ ಇತ್ತು. ದಿನೇಶ ಮೊಬೈಲನ್ನು ಕಿಸೆಗೆ ಹಾಕಿದ, ತಾಯಿಯ ಕೈ ಹಿಡಿದ, ಹೊರಗೆ ನಡೆದ.

ಅವರು ಹೋದ ಮೇಲೆ ನಾನು ಮ್ಯಾನೇಜರನನ್ನು ಬಿಡಲಿಲ್ಲ. "ನೀವು ರಾತ್ರಿ ಬಂಗುಡೆ ಪುಳಿಮುಂಚಿ ಚಪ್ಪರಿಸಿ ತಿನ್ನುವಾಗ ಪೇಪರ್ ಎಲ್ಲಿ ಹಾಸ್ತೀರಿ? ನಾಲಿಗೆಯ ಮೇಲಾ?" ಎಂದೆ. ಅವನ ಮುಖ ಕೆಂಪಾಯಿತು. ಹುಡುಗ ಕೆಟ್ಟವನಲ್ಲ, ಸೀಟು ಕಾಯುವುದೇ ಕೆಲಸ ಎಂದು ಯಾರೋ ಕಲಿಸಿದ್ದರು. ಆದರೂ ಗಿರಾಕಿ ಹೋದದ್ದು ಹೋಯಿತು.

ಫೋನ್ ಮಾಡಿದೆ, ದಿನೇಶ ಎತ್ತಲಿಲ್ಲ. ಸಂಜೀವಣ್ಣನಿಗೆ ಮಾಡಿದೆ. "ಒಮ್ಮೆ ನಿಮ್ಮ ಲೋಡ್ ಹಾಕಿ ನೋಡುವ ಅಣ್ಣ. ಗಾಡಿ ನಾನೇ ತರ್ತೇನೆ. ದೊಡ್ಡದೂ ತರ್ತೇನೆ, ನಿಮಗೆ ಬೇಕಾದ ಉದ್ದ ಬಾಡಿಯದ್ದೂ ತರ್ತೇನೆ. ಎರಡೂ ಪಕ್ಕಪಕ್ಕದಲ್ಲಿ ನಿಲ್ಲಲಿ." ಅವರು ಖುಷಿಯಿಂದ ಒಪ್ಪಿದರು. ಅಳಿಯನ ಹುಚ್ಚು ಬಿಡಿಸಲು ಇದೇ ಮದ್ದು ಎಂದು ಅವರ ಲೆಕ್ಕ.

ಬೆಳಗಿನ ಧಕ್ಕೆಯನ್ನು ನೋಡಬೇಕು. ಕಾಲಡಿಗೆ ಐಸಿನ ನೀರು, ತಲೆ ಮೇಲೆ ಕಾಗೆ ಹದ್ದು, ಕಿವಿ ತುಂಬ ಏಲಂ ಕೂಗು. ಎರಡು ಗಾಡಿಗಳೂ ನಿಂತವು. ಮೊದಲು ದೊಡ್ಡದು. ಕ್ಯಾಬಿನ್ನೇ ಅರ್ಧ ನುಂಗಿದ್ದರಿಂದ ಹಿಂದಿನ ಬಾಡಿಯಲ್ಲಿ ಬಾಕ್ಸುಗಳು ಹಿಡಿಯಲೇ ಇಲ್ಲ. ಎತ್ತರ ಬೇರೆ, ಹೇರುವವರು ಕತ್ತು ನೋವೆಂದು ಬೈದರು. ಓಣಿಯಲ್ಲಿ ತಿರುಗಿಸಲು ಹೋದರೆ ಮೂತಿ ಗೋಡೆಗೆ ತಾಗುವುದೊಂದು ಬಾಕಿ. ಸಂಜೀವಣ್ಣ ಸುತ್ತಲಿನವರಿಗೆಲ್ಲ ಕೇಳುವಂತೆ, "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ!" ಎಂದರು. ದಿನೇಶ ತಲೆ ತಗ್ಗಿಸಿದ.

ಆಮೇಲೆ ಉದ್ದ ಬಾಡಿಯದ್ದು. ಮುಂದೆ ಡ್ರೈವರ್, ಪಕ್ಕದಲ್ಲಿ ಒಂದು ಸೀಟು, ಅಷ್ಟೆ. ಹಿಂದೆ ಬಾಕ್ಸುಗಳು ಸಲೀಸಾಗಿ ಕೂತವು, ತುದಿಯಲ್ಲಿ ಜಾಗವೂ ಉಳಿಯಿತು. "ಮುಗೀತಲ್ಲ ಹೋಲಿಕೆ? ಇದನ್ನೇ ಬುಕ್ ಮಾಡು" ಎಂದರು ಮಾವ.

ಆಗ ಕಲ್ಯಾಣಿಯಕ್ಕ ತಮ್ಮ ಬುಟ್ಟಿ ಹಿಡಿದು ಬಂದರು. ಜೊತೆಗೆ ದಿನವೂ ಅವರೊಟ್ಟಿಗೆ ಮಾರ್ಕೆಟ್ಟಿಗೆ ಹೋಗುವ ಇಬ್ಬರು ಹೆಂಗಸರು. ದಿನೇಶ ಓಡಿ ಹೋಗಿ ಮುಂದಿನ ಬಾಗಿಲು ತೆರೆದ. "ಹತ್ತಮ್ಮ."

ಅವರು ಸೀಟು ನೋಡಿದರು, ತಮ್ಮ ಗೆಳತಿಯರನ್ನು ನೋಡಿದರು. "ನಾನೊಬ್ಳೇ ಮುಂದೆ ಕೂತ್ರೆ ನಾಳೆ ಇವರ ಮುಖ ನೋಡ್ಲಿಕ್ಕೆ ಉಂಟಾ ನನಗೆ?" ಎಂದು ಹಿಂದಕ್ಕೆ ಹೋಗಿ, ಚಕ್ರದ ಮೇಲೆ ಕಾಲಿಟ್ಟು, ಬಾಡಿ ಹತ್ತಿಬಿಟ್ಟರು. ಉಳಿದಿಬ್ಬರೂ ಹತ್ತಿದರು. ಬುಟ್ಟಿಗಳನ್ನು ನಡುವೆ ಇಟ್ಟುಕೊಂಡು, ಒದ್ದೆ ತಗಡಿನ ಮೇಲೆ ಕುಕ್ಕರುಗಾಲಿನಲ್ಲಿ ಕೂತರು. ಸಂಜೀವಣ್ಣ ಅಡ್ಡಕ್ಕೆ ಒಂದು ಹಗ್ಗ ಕಟ್ಟಿ ಎಳೆದು ನೋಡಿ, "ಹಗ್ಗ ಗಟ್ಟಿ ಹಿಡ್ಕೊಳ್ಳಿ, ಆಯ್ತಾ?" ಎಂದು ಕೂಗಿದರು. ಪ್ರತಿದಿನ ಟೆಂಪೊ ಹೊರಡುವಾಗ ಅವರು ಹೇಳುವ ಮಾತು ಅದಂತೆ. ಮುಂದಿನ ಖಾಲಿ ಸೀಟಿನಲ್ಲಿ ನಾನು ಕೂತೆ.

ದಿನೇಶ ಗಾಡಿ ಹೊರಡಿಸಿದ. ಅಷ್ಟು ನಿಧಾನವಾಗಿ ಹೋಗುವ ಡ್ರೈವರನನ್ನು ನಾನು ಕಂಡದ್ದಿಲ್ಲ. ಹಿಂದಿನವರೆಲ್ಲ ಹಾರ್ನ್ ಹಾಕುತ್ತಿದ್ದಾರೆ, ಇವನ ಕಣ್ಣು ಕನ್ನಡಿಯಲ್ಲಿ. ರಸ್ತೆಯಲ್ಲಿ ಹಂಪು ಬಂದಾಗಲೆಲ್ಲ ಗಾಡಿ ನಿಂತೇಬಿಡುತ್ತಿತ್ತು.

"ಎಂತ ದಿನೇಶ, ಹೀಗೆ ಹೋದ್ರೆ ಮೀನಿನ ಐಸ್ ಕರಗಿ ಹೋದೀತು" ಎಂದೆ.

ಕನ್ನಡಿಯಲ್ಲಿ ಹಿಂದೆ ಕೂತವರನ್ನು ಮತ್ತೊಮ್ಮೆ ನೋಡಿದ. ಆಮೇಲೆ ಹೇಳಿದ. "ಅಲ್ಲಿ ನಾನು ಓಡಿಸ್ತಿದ್ದದ್ದು ನಾಲ್ಕು ಬಾಗಿಲಿನ ಪಿಕಪ್ ಅಕ್ಕ. ಕಟ್ಟಡದ ಕೆಲಸದವರನ್ನು ಸೈಟಿಗೆ ಕರ್ಕೊಂಡು ಹೋಗುವುದು. ಮೈಯೆಲ್ಲ ಸಿಮೆಂಟು ಅವರದ್ದು. ಆದ್ರೂ ಹಿಂದಿನ ಸೀಟಲ್ಲೇ ಕೂರಿಸ್ಬೇಕು. ಬಾಡಿಯಲ್ಲಿ ಒಬ್ಬನನ್ನು ಹತ್ತಿಸಿದ್ರೂ ನನ್ನ ಕೆಲಸ ಹೋಗ್ತದೆ, ಅಷ್ಟು ಸ್ಟ್ರಿಕ್ಟ್. ಯಾವ್ಯಾವ ದೇಶದವರೋ, ಯಾರ ಮಕ್ಕಳೋ, ದಿನಾ ಸೀಟಲ್ಲಿ ಕೂರಿಸಿ ಬಾಗಿಲು ಹಾಕಿದ್ದೇನೆ. ಬಾಗಿಲು ಹಾಕುವಾಗೆಲ್ಲ ನೆನಪಾಗ್ತದೆ, ನಮ್ಮಮ್ಮ ಈಗ ಹಿಂದೆ ಹಗ್ಗ ಹಿಡ್ಕೊಂಡು ಕೂತಿರ್ಬಹುದು ಅಂತ."

"ಇದನ್ನು ಮಾವನಿಗೆ ಹೇಳ್ಲಿಕ್ಕೆ ಆಗ್ಲಿಲ್ವಾ ನಿನಗೆ?"

"ಹೇಳಿದ್ರೆ ಅಮ್ಮ ಮೊದಲು ಬೇಡ ಅಂತಾರೆ. ಬುಟ್ಟಿ ಇದ್ರೆ ಬಸ್ಸಲ್ಲಿ ಹತ್ತಿಸುದಿಲ್ಲ ಅಕ್ಕ, ವಾಸನೆ ಅಂತ. ಅವರಿಗೆ ಸೀಟು ಅಂದ್ರೇ ಹೆದರಿಕೆ."

ನನ್ನ ಕಣ್ಣು ತುಂಬಿತು, ಸುಳ್ಳು ಹೇಳುವುದಿಲ್ಲ. ಇಷ್ಟು ವರ್ಷ ಪಿಕಪ್ ಮಾರಿದ್ದೆ, ಬಾಡಿಯಲ್ಲಿ ಏನೇನು ಹೋಗುತ್ತದೆ ಎಂದು ಎಲ್ಲರನ್ನೂ ಕೇಳಿದ್ದೆ. ಯಾರು ಹೋಗುತ್ತಾರೆ ಎಂದು ಕೇಳುವುದು ನನಗೆ ಹೊಳೆದಿರಲಿಲ್ಲ.

ಶೋರೂಮಿಗೆ ಬಂದು ಕೂತು ಯೋಚಿಸಿದೆ. ನಮ್ಮ ಕಂಪೆನಿ ಇನ್ನೊಂದು ಗಾಡಿ ಮಾಡುತ್ತಿತ್ತು. ಅದೇ ದುಡಿಯುವ ಪಿಕಪ್ಪು, ಆದರೆ ಡಬಲ್ ಕ್ಯಾಬಿನ್. ಹಿಂದೆ ಮೂವರು ಕೂರುವ ಒಂದು ಸಾದಾ ಸೀಟು, ಅದರ ಹಿಂದೆ ಸ್ವಲ್ಪ ಗಿಡ್ಡ ಬಾಡಿ. ಚಂದ ಕಾಣುವುದಿಲ್ಲ ಎಂದು ಅದನ್ನು ಯಾರೂ ಶೋರೂಮಿನಲ್ಲಿ ನಿಲ್ಲಿಸುವುದೇ ಇಲ್ಲ. ಕರೆಂಟಿನ ಲೈನ್ ಎಳೆಯುವ ಕಂಟ್ರಾಕ್ಟರುಗಳು ಮಾತ್ರ ತೆಗೆದುಕೊಳ್ಳುತ್ತಾರೆ. ನಮ್ಮಿಂದ ಒಂದನ್ನು ಕೊಂಡಿದ್ದ ಕಂಟ್ರಾಕ್ಟರ್ ಒಬ್ಬರಿಗೆ ಫೋನ್ ಮಾಡಿ, ಒಂದು ಬೆಳಗಿನ ಮಟ್ಟಿಗೆ ಗಾಡಿ ಕೊಡಿ ಎಂದು ಬೇಡಿಕೊಂಡೆ.

ಮತ್ತೆ ಧಕ್ಕೆ. ಸಂಜೀವಣ್ಣ ಗಾಡಿಯನ್ನು ಒಂದು ಸುತ್ತು ಬಂದು, "ಇದು ಆಚೆಗೂ ಅಲ್ಲ, ಈಚೆಗೂ ಅಲ್ಲ. ಬಾಡಿ ಗಿಡ್ಡ. ಬಾಕ್ಸ್ ಕಮ್ಮಿ ಹಿಡೀತದೆ" ಎಂದರು. ಕಲ್ಯಾಣಿಯಕ್ಕನಿಗೆ ವಿಷಯ ಅರ್ಥವಾಗಿತ್ತು. ಅವರು ತಮ್ಮನ ಪಕ್ಷ. "ನಾವು ಕೂತ್ಕೊಳ್ಲಿಕ್ಕೆ ಅಂತ ಬಾಕ್ಸ್ ಬಿಟ್ಟು ಹೋಗುದಾ? ಎಂತ ಮಾತು ಅದು? ಬೇಡ ದಿನೇಶ" ಎಂದರು. ದಿನೇಶ ನನ್ನ ಮುಖ ನೋಡಿದ. ಮೀನು ಬೇಕಾದರೆ ಸೀಟು ಬಿಡಬೇಕು, ಸೀಟು ಬೇಕಾದರೆ ಊರೇ ಬಿಡಬೇಕು. "ಲೋಡ್ ಹಾಕಿಯೇ ಬೇಡ ಅನ್ನಿ ಅಣ್ಣ, ಹಾಕದೆ ಯಾಕೆ ಹೇಳ್ತೀರಿ?" ಎಂದೆ, ನನ್ನ ಹಳೆಯ ಮಂತ್ರ ಅದೊಂದೇ.

ಸಂಜೀವಣ್ಣ ಗೊಣಗುತ್ತಾ ತಾವೇ ಬಾಡಿ ಹತ್ತಿ ನಿಂತು ಬಾಕ್ಸು ಇಡಿಸತೊಡಗಿದರು. ಹೆಂಗಸರು ಮೂವರನ್ನೂ ನಾನು ಒಳಗೆ ಕೂರಿಸಿದೆ. ಬುಟ್ಟಿಗಳನ್ನು ಮಾತ್ರ ಹಿಂದೆ ಇಟ್ಟೆವು. ಬಾಕ್ಸುಗಳ ಸಾಲು ಹಿಂದಿನ ತುದಿಗೆ ಬಂತು. ಸಂಜೀವಣ್ಣನ ಕೈ ಅಭ್ಯಾಸದಂತೆ ಅಲ್ಲಿಗೆ ನಿಂತಿತು. ದಿನವೂ ಅಲ್ಲಿಂದ ಈಚೆಗೆ ಹೆಂಗಸರ ಜಾಗ, ಅಲ್ಲಿ ಬಾಕ್ಸು ಇಡುವ ಹಾಗಿಲ್ಲ. ಪಕ್ಕದ ಬಾಕ್ಸುಗಳನ್ನು ಎತ್ತರಕ್ಕೆ ಪೇರಿಸುವ ಹಾಗೂ ಇಲ್ಲ, ಜಾರಿದರೆ ಕೂತವರ ಮೇಲೆ. ಇವತ್ತು ಅಲ್ಲಿ ಯಾರೂ ಇಲ್ಲ. ಸಂಜೀವಣ್ಣ ಒಂದು ಗಳಿಗೆ ಹಾಗೇ ನಿಂತರು. ಆಮೇಲೆ ತುದಿಯವರೆಗೂ ಇಡಿಸಿದರು, ಅದರ ಮೇಲೆ ಇನ್ನೊಂದು ಸಾಲು ಏರಿಸಿದರು, ಟರ್ಪಾಲು ಎಳೆದು ಬಿಗಿದರು. ಕೆಳಗಿಳಿದು ನೋಡಿದರೆ ನೆಲದ ಮೇಲೆ ಒಂದು ಬಾಕ್ಸೂ ಉಳಿದಿರಲಿಲ್ಲ.

ಅವರು ಮತ್ತೆ ಗಾಡಿಗೆ ಒಂದು ಸುತ್ತು ಬಂದರು. ಗಾಡಿ ಗಿಡ್ಡವೆಂದು ಎಲ್ಲರಿಗೂ ಕಂಡಿತ್ತು. ಉದ್ದದ ಗಾಡಿಯಲ್ಲಿ ಮೂವರು ಹೆಂಗಸರು ಕೂರುವ ಜಾಗ ಮಾತ್ರ ಯಾರ ಲೆಕ್ಕಕ್ಕೂ ಬಂದಿರಲಿಲ್ಲ, ಅವರ ಲೆಕ್ಕಕ್ಕೂ, ನನ್ನ ಲೆಕ್ಕಕ್ಕೂ, ಮೊಬೈಲಿನ ಲೆಕ್ಕಕ್ಕೂ.

"ಎಂತ ಮಾವ?" ಎಂದ ದಿನೇಶ.

"ಎಂತ ಎಂತ? ಟರ್ಪಾಲು ಸ್ವಲ್ಪ ದೊಡ್ಡದು ಬೇಕು" ಎಂದರು ಸಂಜೀವಣ್ಣ, ಮುಖ ಆಚೆ ತಿರುಗಿಸಿ. ಆ ಕ್ಷಣ ನನಗೆ ಕೂಗಿಬಿಡುವಷ್ಟು ಸಂತೋಷವಾಯಿತು. ದಿನೇಶನ ವೀಸಾ ಆಮೇಲೆ ತನ್ನಷ್ಟಕ್ಕೆ ಮುಗಿದುಹೋಯಿತು. ಅವನು ಇಲ್ಲೇ ಇದ್ದಾನೆ.

ಡೆಲಿವರಿಯ ದಿನ ಮನೆಯವರೆಲ್ಲ ಬಂದರು. ಗಾಡಿಗೆ ಹೂವಿನ ಮಾಲೆ, ಚಕ್ರದಡಿಗೆ ಲಿಂಬೆಹಣ್ಣು. ದಿನೇಶನ ಹೆಂಡತಿ ಮಗುವನ್ನೆತ್ತಿಕೊಂಡು ಮುಂದೆ ಕೂತಳು. ಹೊಸ ಮ್ಯಾನೇಜರ್ ಸ್ವತಃ ಬಂದು ಹಿಂದಿನ ಬಾಗಿಲು ತೆರೆದು ನಿಂತ. ಇವತ್ತು ಅವನ ಕೈಯಲ್ಲಿ ಪೇಪರ್ ಇರಲಿಲ್ಲ. ಆದರೆ ಕಲ್ಯಾಣಿಯಕ್ಕ ಮತ್ತು ಅವರ ಗೆಳತಿಯರು ತಾವೇ ಮನೆಯಿಂದ ಮೈ ಒರೆಸುವ ಹಳೆಯ ಬೈರಾಸು ತಂದಿದ್ದರು, ಪ್ಲಾಸ್ಟಿಕ್ಕಿನ ಮೇಲೆ ಹಾಸಿಕೊಳ್ಳಲು.

"ಪ್ಲಾಸ್ಟಿಕ್ ಇರ್ಲಿ ಆಯ್ತಾ, ತೆಗಿಬೇಡಿ. ನಮ್ಮದು ವಾಸನೆಯ ಮೈ" ಎಂದು ಕಲ್ಯಾಣಿಯಕ್ಕ ಎಲ್ಲರಿಗೂ ಹೇಳುತ್ತಿದ್ದರು.

ದಿನೇಶ ಮುಂದೆ ಬಂದ. ಬಾಗಿಲಿನಿಂದ ಒಳಗೆ ಬಗ್ಗಿ, ಸೀಟಿನ ಮೂಲೆಯಲ್ಲಿ ಪ್ಲಾಸ್ಟಿಕ್ಕಿಗೆ ಬೆರಳು ಹಾಕಿ, ಪರ್ರನೆ ಎಳೆದ. ಈ ತುದಿಯಿಂದ ಆ ತುದಿಯವರೆಗೆ ಹರಿಯಿತು.

"ಅಯ್ಯೋ! ಮರ್ಲಾ, ಹುಚ್ಚಾ ನಿನಗೆ?" ಎಂದು ತಾಯಿ ಅವನ ಬೆನ್ನಿಗೆ ಗುದ್ದಿದರು.

"ವಾಸನೆ ಹಿಡೀಲಿ ಅಮ್ಮ. ಯಾರು ಕೂರುವ ಗಾಡಿ ಅಂತ ಗೊತ್ತಾಗ್ಲಿ."

ಹರಿದ ಪ್ಲಾಸ್ಟಿಕ್ಕನ್ನು ಮುದ್ದೆ ಮಾಡಿ ಮ್ಯಾನೇಜರನ ಕೈಯಲ್ಲಿಟ್ಟ. ಅವನು ಅದನ್ನು ಎರಡೂ ಕೈಯಿಂದ ತೆಗೆದುಕೊಂಡ. ಕಲ್ಯಾಣಿಯಕ್ಕ ಬಲಗಾಲಿಟ್ಟು ಹತ್ತಿದರು. ಮೊದಲು ಸೀಟಿನ ತುದಿಯಲ್ಲಿ ಕೂತರು. ಬಟ್ಟೆಯನ್ನು ಅಂಗೈಯಿಂದ ಒಮ್ಮೆ ಸವರಿದರು. ಆಮೇಲೆ ಹಿಂದಕ್ಕೆ ಸರಿದು ಬೆನ್ನು ಒರಗಿಸಿದರು. ಗೆಳತಿಯರಿಬ್ಬರೂ ಹತ್ತಿದರು. ಬೈರಾಸುಗಳು ಮಡಿಲಲ್ಲೇ ಉಳಿದವು.

ಮೊದಲು ಗಾಡಿ ಹತ್ತಿರದ ದೇವಸ್ಥಾನಕ್ಕೆ ಹೋಗಬೇಕಿತ್ತು. ಸಂಜೀವಣ್ಣ ಮುಂದೆ ಬಗ್ಗಿ ನೋಡಿದರು, ಹಿಂದೆ ಬಗ್ಗಿ ನೋಡಿದರು. ಎಲ್ಲ ಸೀಟೂ ತುಂಬಿತ್ತು. ಮನೆಯ ಯಜಮಾನ, ಬಿಳಿ ಪಂಚೆ ಉಟ್ಟು, ಕೈಯಲ್ಲಿ ತೆಂಗಿನಕಾಯಿ ಹಿಡಿದು ರಸ್ತೆಯಲ್ಲಿ ನಿಂತಿದ್ದರು. ಅವರೇ ಪಂಚೆ ಮೇಲಕ್ಕೆ ಕಟ್ಟಿ, ಚಕ್ರದ ಮೇಲೆ ಕಾಲಿಟ್ಟು, ಹಿಂದಿನ ಬಾಡಿ ಹತ್ತಿ ಕುಕ್ಕರುಗಾಲಿನಲ್ಲಿ ಕೂತರು.

ಕಲ್ಯಾಣಿಯಕ್ಕ ಕಿಟಕಿಯ ಗಾಜು ಇಳಿಸಿ ತಲೆ ಹೊರಗೆ ಹಾಕಿದರು.

"ಸಂಜೀವಾ, ಹಗ್ಗ ಗಟ್ಟಿ ಹಿಡ್ಕೊ, ಆಯ್ತಾ?"